ಯ ಒತ್ತು

ಕಾಟನ್‌ಪೇಟೆ, ದರ್ಗಾದ ಹಿಂದಿನ ಗಲ್ಲಿ,
ಕೆಂಪಯ್ಯಶೆಟ್ಟರ ಪ್ರೆಸ್ಸು. ನಾನು ಪ್ರೂಫ್ ಹುಡುಗ.
ಒಂದು ವಾರಪತ್ರಿಕೆ, ಉಳಿದಂತೆ ಕರಪತ್ರ, ಲಗ್ನಪತ್ರಿಕೆ.
ಆ ಇಪ್ಪತ್ತೊಂದು ತಿಂಗಳು
ಸಂಜೆ ಆರಕ್ಕೆ ಹಸಿ ಪ್ರೂಫು ಅಂಗಿಯೊಳಗಿಟ್ಟು
ಸೈಕಲ್ ಹತ್ತಿದರೆ ಮೈಸೂರ್ ಬ್ಯಾಂಕ್ ಸರ್ಕಲ್ಲು,
ಕಬ್ಬನ್ ಪಾರ್ಕಿನ ಕತ್ತಲು,
ಅದರಾಚೆ ಸಂಪಂಗಿರಾಮಯ್ಯನವರ ಮೇಜು.

ಒಳ್ಳೆಯ ಮನುಷ್ಯ. ನನಗೂ ಒಂದು ಲೋಟ ಕಾಫಿ ಹೇಳುತ್ತಿದ್ದರು.
ಕನ್ನಡಕ ಮೂಗಿನ ತುದಿಗಿಳಿಸಿ, ಕೆಂಪು ಪೆನ್ಸಿಲು ಹಿಡಿದು,
ಹುರುಳಿಕಾಯಿಯ ನಾರು ತೆಗೆದ ಹಾಗೆ
ಸಾಲು ಸಾಲು ಎಳೆದು ಪಕ್ಕಕ್ಕಿಡುತ್ತಿದ್ದರು.
ಗಿರಣಿ ಸಭೆ ಹೋಯಿತು. ಸಕ್ಕರೆ ಬೆಲೆ ಹೋಯಿತು.
ಒಮ್ಮೆ ವಾರಭವಿಷ್ಯದಲ್ಲಿ
ಸಿಂಹ ರಾಶಿಯವರಿಗೆ ಸ್ಥಾನನಷ್ಟ ಅಂತಿತ್ತು, ಅದೂ ಹೋಯಿತು.
"ಯಾಕಪ್ಪಾ ಬೇಕು ರಗಳೆ" ಅಂದರು,
ನನಗಲ್ಲ, ಪೆನ್ಸಿಲಿಗೆ.

ಮಾರ್ಚಿಯಲ್ಲಿ ಎಲ್ಲಾ ಮುಗಿಯಿತು ಅಂದರು.
ಶೆಟ್ಟರು ಪೇಡ ಹಂಚಿದರು.
ಜೈಲಿನಿಂದ ಬಂದವರು, ಬಂದವರ ಭಾವಮೈದುನರು,
ಬಾಗಿಲಲ್ಲಿ ಕ್ಯೂ. ಎಲ್ಲರ ಕರಪತ್ರಕ್ಕೂ ಒಂದೇ ಪದ ಬೇಕು,
ದಪ್ಪಕ್ಷರದಲ್ಲಿ, ತಲೆಯ ಮೇಲೆ.

ಕಂಪೋಸಿಟರ್ ಪಿಳ್ಳಮುನಿಯಪ್ಪ ಜೋಡಿಸುತ್ತಿದ್ದ:
ಸ, ದೀರ್ಘ, ವ ಒತ್ತು,
ತ, ಸೊನ್ನೆ,
ಮತ್ತೆ ತ, ರ ಒತ್ತು,
ಕಡೆಗೆ ಯ ಒತ್ತು.
ಎಂಟು ಚೂರು ಸೀಸ ಒಂದು ಪದಕ್ಕೆ.
"ನೋಡು ಮಗಾ, ಈ ಯ ಒತ್ತು ಇದೆಯಲ್ಲ,
ಕೂದಲೆಳೆ ಬಾಲ. ಟ್ರೆಡಲ್ ಸ್ವಲ್ಪ ಜೋರಾಗಿ ಬಿದ್ದರೆ
ಮೊದಲು ಮುರಿಯೋದು ಇದೇ."
ಮೂರನೇ ದಿನಕ್ಕೆ ಆ ಖಾನೆ ಖಾಲಿ.
"ಬಿಡೋ, ಹಾಗೇ ಹಾಕು" ಅಂದರು ಶೆಟ್ಟರು.
ಸ್ವಾತಂತ್ರ.

ಆರು ಹೊಡೆಯಿತು. ಪ್ರೂಫು ಸುತ್ತಿ ನನ್ನ ಕೈಗಿಟ್ಟರು.
"ಇನ್ನು ಬೇಡವಲ್ಲ ಯಜಮಾನ್ರೇ?"
"ಇರಲಿ. ಒಂದು ಸಲ ತೋರಿಸಿಕೊಂಡು ಬಾ."

ಸಂಪಂಗಿರಾಮಯ್ಯನವರ ಮೇಜಿನ ಮೇಲೆ ಸೀಲು ಇರಲಿಲ್ಲ.
"ಇನ್ನು ತರಬಾರದಪ್ಪ, ಆರ್ಡರ್ ಬಂದಿದೆ."
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು,
"ತಂದಿದ್ದೀಯಲ್ಲ, ಕೊಡು."
ಕನ್ನಡಕ ಇಳಿಯಿತು. ಪೆನ್ಸಿಲು ಏನನ್ನೂ ಹೊಡೆಯಲಿಲ್ಲ.
ತ್ರ ಕೆಳಗೆ ನಿಂತು
ಒಂದು ಬಾಲ ಬರೆಯಿತು, ಅಷ್ಟೇ.

ಇಡೀ ಊರಲ್ಲಿ ಅದು ಕಂಡದ್ದು ಅವರೊಬ್ಬರಿಗೇ.
ತಿದ್ದಲು ನಮ್ಮಲ್ಲಿ ಸೀಸ ಇರಲಿಲ್ಲ.
ಐದು ಸಾವಿರ ಪ್ರತಿ. ಗೋಡೆ, ಕಂಬ, ಬಸ್ಸಿನ ಬೆನ್ನು.
ಓದಿದರು, ಕುಣಿದರು, ಯಾರೂ ಕೇಳಲಿಲ್ಲ.

ದೀಪಾವಳಿಯವರೆಗೂ ಹೋಗುತ್ತಿದ್ದೆ.
ಲಗ್ನಪತ್ರಿಕೆಯನ್ನೂ ಒಯ್ದಿದ್ದೇನೆ.
ಕಾಫಿ ಬರುತ್ತಿತ್ತು.

*

ಈಗ ಆ ಜೈಲು ಪಾರ್ಕು.
ಬ್ಯಾರಕ್ಕಿನ ಕಂಬಿ ಹಿಡಿದು ಹುಡುಗರು ಸೆಲ್ಫಿ ತೆಗೆಯುತ್ತಾರೆ.
ಕಳೆದ ವಾರ ನಾವು ಹತ್ತೊಂಬತ್ತು ಜನ ಅಲ್ಲಿ ಕೂತಿದ್ದೆವು:
ವಾರ್ಡಿಗೆ ಚುನಾವಣೆ ಮಾಡಿ, ಚರಂಡಿಗಾಗಿ ಹಿಡಿಯಲು
ನಮಗೊಬ್ಬ ಮನುಷ್ಯನನ್ನು ಕೊಡಿ.
ಅನುಮತಿ ಅರ್ಜಿ ಬರೆದದ್ದು ನಾನೇ, ಅಕ್ಷರ ಚೆನ್ನಾಗಿದೆ ಅಂತ.

ಶಬೀನಾ ಕಾರ್ಬನ್ ಪ್ರತಿ ತಿರುಗಿಸಿ ನೋಡಿ ಕೇಳಿದಳು,
"ಅಂಕಲ್, ಘೋಷಣೆಗಳ ಪಟ್ಟಿ ಅವರು ಕೇಳಿರಲಿಲ್ಲವಲ್ಲ,
ಯಾಕೆ ಲಗತ್ತಿಸಿದಿರಿ?
ಇದರಲ್ಲಿ ಎರಡು ಹೊಡೆದಿರೋದು ಯಾರು?"

ಏನು ಹೇಳಲಿ. ನಾಲಿಗೆಯಲ್ಲಿ ಹಳೆ ಕಾಫಿಯ ರುಚಿ.

ತಲೆ ಎತ್ತಿದರೆ ಹಿಂದೆ ನಮ್ಮದೇ ಫ್ಲೆಕ್ಸು,
ನಮ್ಮದೇ ದಪ್ಪಕ್ಷರ.
ಯ ಒತ್ತಿಲ್ಲ.
ಈಗ ಸೀಸದ ಕೊರತೆಯೂ ಇಲ್ಲ, ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಅವಳು ಮಾರ್ಕರ್ ಕೊಟ್ಟಳು.
ಕುರ್ಚಿ ಹತ್ತಿದೆ, ಮಂಡಿ ಕಿರುಗುಟ್ಟಿತು,
ತ್ರ ಕೆಳಗೆ ಕೈ ಹೋಯಿತು.
ಅನುಮತಿ ಸಿಕ್ಕಿರೋ ಫ್ಲೆಕ್ಸು. ತಿದ್ದಬಹುದೋ?
ಕಾನ್‌ಸ್ಟೇಬಲ್ ಕಡೆ ನೋಡಿದೆ.

ಅವನು ಮೊಬೈಲು ನೋಡುತ್ತಿದ್ದ.
ನನ್ನ ಕೈ ಇನ್ನೂ ಮೇಲೇ ಇತ್ತು.